ಹೊಸ ಬಾಣಲೆಗೆ ಎಣ್ಣೆ ಕಡಿಮೆ ಹಚ್ಚಿ

ಪಾತ್ರೆ ಅಂಗಡಿ ನಡೆಸುವ ನನಗೆ ಕಬ್ಬಿಣದ ಬಾಣಲೆ ಬಗ್ಗೆ ಬರುವ ದೂರು ಹೆಚ್ಚುಕಡಿಮೆ ಒಂದೇ: "ನೀವು ಕೊಟ್ಟ ಬಾಣಲೆ ಅಂಟುತ್ತೆ." ತಂದು ತೋರಿಸಿದಾಗ ನೋಡಿದರೆ ಒಳಗೆಲ್ಲ ಕಂದು ಬಣ್ಣದ ಜಿಗುಟು, ಹಲಸಿನ ಮೇಣದ ಹಾಗೆ. ಪಳಗಿಸುವಾಗ, ಅಂದರೆ ಹೊಸ ಬಾಣಲೆಗೆ ಎಣ್ಣೆ ಸವರಿ ಕಾಯಿಸುವಾಗ, ಎಣ್ಣೆ ಜಾಸ್ತಿ ಸುರಿದಿರುತ್ತಾರೆ. ಬೈಗುಳ ಮಾತ್ರ ಬಾಣಲೆಗೆ.

ಕೊಳ್ಳುವ ವಿಷಯ ಬೇಗ ಮುಗಿಸುತ್ತೇನೆ. ದಿನಾ ಪಲ್ಯ, ಚಿತ್ರಾನ್ನ, ಫ್ರೈಡ್ ರೈಸ್ ಮಾಡುವವರಿಗೆ ಕಬ್ಬಿಣದ ತಗಡಿನ ಬಾಣಲೆ ಸಾಕು. ಚೀನೀ ವೋಕ್ ಕೂಡ ಸಾಮಾನ್ಯವಾಗಿ ಇದೇ ಜಾತಿ, ಒಂದೂವರೆ ಎರಡು ಮಿಲಿಮೀಟರ್ ದಪ್ಪ. ಬೇಗ ಕಾಯುತ್ತದೆ, ಎತ್ತಲು ಹಗುರ. ಬೀಡಿನ, ಅಂದರೆ ಎರಕದ ಕಬ್ಬಿಣದ ಬಾಣಲೆ ಭಾರ, ಆದರೆ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ, ಬೋಂಡಾ ಕರಿಯಲು ಚೆನ್ನ. ಅದು ಕಾದಿರುವಾಗ ತಣ್ಣೀರು ಹಾಕಬೇಡಿ, ಸೀಳಬಹುದು. ಇಂಡಕ್ಷನ್ ಒಲೆ ಇದ್ದರೆ ತಳ ಚಪ್ಪಟೆ ಇರುವುದನ್ನೇ ತೆಗೆದುಕೊಳ್ಳಿ.

ತುಕ್ಕು ಹಿಡಿಯದಿರಲಿ ಎಂದು ಹೊಸ ಬಾಣಲೆಗೆ ಎಣ್ಣೆಯನ್ನೋ ಮೇಣವನ್ನೋ ಬಳಿದು ಕಳಿಸುತ್ತಾರೆ. ಬಿಸಿನೀರು, ಸೋಪು, ನಾರು ಹಾಕಿ ಅದು ಪೂರ್ತಿ ಹೋಗುವ ತನಕ ಉಜ್ಜಿ.

ಈಗ ಮುಖ್ಯ ಮಾತು. ಎಣ್ಣೆ ಚೆನ್ನಾಗಿ ಕಾದಾಗ ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿ ಪದರವಾಗುತ್ತದೆ. ಕಬ್ಬಿಣಕ್ಕೆ ಕಚ್ಚಿಕೊಂಡ ಆ ಪದರದಿಂದಲೇ ಅಡುಗೆ ಅಂಟದಿರುವುದು. ಎಣ್ಣೆ ತೆಳುವಾಗಿದ್ದರೆ ಪೂರ್ತಿ ಗಟ್ಟಿಯಾಗುತ್ತದೆ. ದಪ್ಪಗಿದ್ದರೆ ಮೇಲೆ ಕೆನೆ ಕಟ್ಟಿ, ಕೆಳಗಿನದು ಅರೆಬರೆ ಉಳಿದು ಜಿಗುಟಾಗುತ್ತದೆ. ಅದಕ್ಕೇ ಎಣ್ಣೆ ಕಡಿಮೆ ಹಚ್ಚಿ ಅನ್ನುವುದು. ಒಲೆಯ ಮೇಲಿಟ್ಟು ನೀರು ಆರಿಸಿ. ತಣಿದ ಮೇಲೆ ಅರ್ಧ ಚಮಚ ಎಣ್ಣೆ ಹಾಕಿ ಒಳಗೂ ಹೊರಗೂ ಸವರಿ. ಆಮೇಲೆ ಒಣ ಹತ್ತಿ ಬಟ್ಟೆಯಿಂದ ಅದನ್ನೆಲ್ಲ ಒರೆಸಿ ತೆಗೆಯಿರಿ. ಬೆರಳಿಟ್ಟರೆ ಸ್ವಲ್ಪ ಹೊಳಪು ಹತ್ತಬೇಕು, ಒದ್ದೆ ಹತ್ತಬಾರದು. ಈಗ ಹೊಗೆ ಎದ್ದು ನಿಲ್ಲುವ ತನಕ ಕಾಯಿಸಿ.

ಹೊಸದಾಗಿ ಮನೆ ಮಾಡಿದ ಹುಡುಗಿಯೊಬ್ಬಳು ಬಾಣಲೆ ವಾಪಸ್ ತಂದಿದ್ದಳು. ಪಕ್ಕದ ಟೀ ಅಂಗಡಿಯ ಒಲೆಯಲ್ಲೇ ಮಾಡಿ ತೋರಿಸಿದೆ. "ಅಷ್ಟೂ ಒರೆಸಿಬಿಟ್ರೆ ಏನು ಉಳಿಯುತ್ತೆ ಅಂಕಲ್?" ಅಂದಳು. "ಉಳಿದದ್ದೇ ಸಾಕಮ್ಮ" ಅಂದೆ. ಹೊಗೆ ಎದ್ದು, ನಿಂತು, ಬೂದು ಲೋಹಕ್ಕೆ ಮೊದಲು ನೀಲಿ ಛಾಯೆ, ಆಮೇಲೆ ಕಂದು ಬಂತು. ಅದನ್ನು ನೋಡುತ್ತಾ ಅವಳ ಮುಖ ಅರಳಿದ್ದು ನನಗೂ ಖುಷಿ ಕೊಟ್ಟಿತು.

ಮನೆಯ ಗ್ಯಾಸಿನ ಉರಿ ತಳಕ್ಕಷ್ಟೇ ತಾಗುತ್ತದೆ. ಬಾಣಲೆ ವಾಲಿಸಿ ಪಕ್ಕಗಳನ್ನೂ ಕಾಯಿಸಿ, ಬಟ್ಟೆ ಕಟ್ಟಿದ ಕೈಯಿಂದ. ಮರದ ಹಿಡಿ ಇದ್ದರೆ ಉರಿಗೆ ತಾಗದಿರಲಿ. ಕಿಟಕಿ ತೆರೆದಿಡಿ, ಹೊಗೆ ಜೋರು. ತಣಿದ ಮೇಲೆ ಮತ್ತೆ ಇದೇ ಕೆಲಸ, ಮೂರು ನಾಲ್ಕು ಸಲ.

ಕರಾವಳಿ ಕಡೆಯವರು ತೆಂಗಿನೆಣ್ಣೆ ಆಗುತ್ತಾ ಎಂದು ಕೇಳುತ್ತಾರೆ. ಅಡುಗೆಗೆ ಧಾರಾಳವಾಗಿ ಬಳಸಿ, ಪಳಗಿಸಲು ಬೇಡ. ಅದರಲ್ಲಿ ನೂರಕ್ಕೆ ಸುಮಾರು 90 ಪಾಲು ಸ್ಯಾಚುರೇಟೆಡ್ ಕೊಬ್ಬು, ಅಂದರೆ ಆಮ್ಲಜನಕದ ಜೊತೆ ಸುಲಭವಾಗಿ ಸೇರದ ಕೊಬ್ಬು, ಗಟ್ಟಿ ಪದರ ಕಟ್ಟುವುದು ಕಷ್ಟ. ಸೂರ್ಯಕಾಂತಿ, ಸೋಯಾ ಎಣ್ಣೆ ಒಳ್ಳೆಯದು.

ಈಗಾಗಲೇ ಜಿಗುಟಾಗಿದ್ದರೆ ಎಣ್ಣೆ ಹಾಕದೆ ಇನ್ನೊಮ್ಮೆ ಚೆನ್ನಾಗಿ ಕಾಯಿಸಿ ನೋಡಿ. ಸರಿಹೋಗದಿದ್ದರೆ ಸ್ಟೀಲ್ ನಾರಿನಿಂದ ಉಜ್ಜಿ ಮೊದಲಿಂದ ಶುರು ಮಾಡಬೇಕು.

ಮೊದಲ ಕೆಲವು ವಾರ ಈರುಳ್ಳಿ ಹುರಿಯಿರಿ, ಹಪ್ಪಳ ಕರಿಯಿರಿ. ಹುಣಸೆಹಣ್ಣು, ಟೊಮೇಟೊ ಕುದಿಸಬೇಡಿ, ಹುಳಿ ಪದರವನ್ನು ತಿನ್ನುತ್ತದೆ. ಗೊಜ್ಜಿಗೆ ಸ್ಟೀಲ್ ಪಾತ್ರೆ ಇದೆಯಲ್ವಾ? ಹುಳಿ ಅಡುಗೆಗೆ ಕಬ್ಬಿಣವೂ ಜಾಸ್ತಿ ಬಿಡುತ್ತದೆ. ಮೈಯಲ್ಲಿ ಕಬ್ಬಿಣ ಜಾಸ್ತಿ ಸೇರಿಕೊಳ್ಳುವ ಥಲಸ್ಸೇಮಿಯಾದಂಥ ತೊಂದರೆ ಇರುವವರು ವೈದ್ಯರನ್ನು ಕೇಳಿ ಬಳಸಿ, ಅದು ನಾನು ಹೇಳುವ ವಿಷಯವಲ್ಲ.

ತೊಳೆದ ತಕ್ಷಣ ಒರೆಸಿ, ಉರಿಯ ಮೇಲೆ ಒಂದು ನಿಮಿಷ ಇಟ್ಟು ಒಣಗಿಸಿ. ಅಷ್ಟಾದರೂ ತುಕ್ಕು ಬಂದರೆ ಎಸೆಯಬೇಡಿ. ಉಜ್ಜಿ ಮತ್ತೆ ಪಳಗಿಸಿ. ತಳ ತೂತಾಗಿದ್ದರೆ, ಬೀಡು ಸೀಳಿದ್ದರೆ ಮಾತ್ರ ಗುಜರಿಗೆ ಹಾಕಿ.