ಕಾಫಿ ಮಾರಿದ ಮೇಲೆ ಕೊಡ್ತೀನಿ

ಚಿಕ್ಕಮಗಳೂರಿನಲ್ಲಿ ಸಣ್ಣ ಅಂಗಡಿ, ವರ್ಕ್‌ಶಾಪ್, ಹೋಂಸ್ಟೇಗಳ ಲೆಕ್ಕ ಬರೆಯೋದು ನನ್ನ ಕೆಲಸ. ಏಪ್ರಿಲ್ ಬಂತೆಂದರೆ ಹೊಸ ವರ್ಷದ ಗುರಿ ಹೇಳಿಕೊಂಡು ಬರುತ್ತಾರೆ. "ಈ ಸಲ ವ್ಯಾಪಾರ ಒಂದೂವರೆ ಪಟ್ಟು ಮಾಡ್ಬೇಕು ಸಾರ್." ನಾನು ಕೇಳೋದು ಇಷ್ಟೇ: ಯಾವ ತಿಂಗಳಲ್ಲಿ? ಇದಕ್ಕೆ ಉತ್ತರ ಸಿಗೋದು ಅಪರೂಪ.

ಕಾಫಿ ಪಲ್ಪರ್, ಅಂದರೆ ಹಣ್ಣಿನ ಸಿಪ್ಪೆ ಬಿಡಿಸುವ ಮೆಷಿನ್, ರಿಪೇರಿ ಮಾಡುವ ಒಬ್ಬರು ನನ್ನ ಹತ್ತಿರ ಬರುತ್ತಾರೆ. ಒಳ್ಳೆ ಕೈಕೆಲಸ, ಇಬ್ಬರು ಹುಡುಗರು. ನವೆಂಬರ್‌ನಲ್ಲಿ ಅರೇಬಿಕಾ ಕಾಫಿ ಕೊಯ್ಲು ಶುರುವಾದರೆ ಅವರ ಫೋನ್‌ಗೆ ಬಿಡುವೇ ಇರುತ್ತಿರಲಿಲ್ಲ. ಎಲ್ಲರದೂ ಅರ್ಜೆಂಟ್. ಅದು ಸುಮ್ನೆ ಹೇಳುವ ಅರ್ಜೆಂಟೂ ಅಲ್ಲ. ಕೊಯ್ದ ಹಣ್ಣನ್ನು ಅವತ್ತೇ ಪಲ್ಪರ್‌ಗೆ ಹಾಕಬೇಕು. ರಾಶಿ ಹಾಕಿಟ್ಟರೆ ಬಿಸಿಯಾಗಿ ಹುಳಿ ಬರುತ್ತದೆ, ಪಾರ್ಚ್‌ಮೆಂಟ್ (ಸಿಪ್ಪೆ ಬಿಡಿಸಿ ಒಣಗಿಸಿದ ಬೀಜ) ಕೆಡುತ್ತದೆ. ಡ್ರಮ್ಮಿನ ತಾಮ್ರದ ಹಾಳೆ ಸವೆದಿದ್ದರೋ, ಗ್ಯಾಪ್ ಸರಿ ಕೂತಿಲ್ಲದಿದ್ದರೋ ಬೀಜಕ್ಕೆ ಪೆಟ್ಟು ಬೀಳುತ್ತದೆ. ಹಾಗಾಗಿ ಇವರು ಮೂಡಿಗೆರೆ ಕಡೆ ಒಂದು ತೋಟದಲ್ಲಿ ಕೂತಿರುವಾಗ ಮಲ್ಲಂದೂರಿನಿಂದ ಬೈಗುಳ ಬರುತ್ತಿತ್ತು. ಆ ಎರಡು ತಿಂಗಳು ಮನೆಯವರ ಮುಖ ನೋಡುವುದೇ ಕಷ್ಟ.

ಒಂದು ದಿನ ಅವರ ಹಳೇ ಬಿಲ್ ಪುಸ್ತಕಗಳನ್ನು ಮೇಜಿನ ಮೇಲೆ ಹರಡಿ, ಬಿಲ್‌ಗಳನ್ನು ತಿಂಗಳ ಪ್ರಕಾರ ಬರೆದುಕೊಂಡೆವು. ನವೆಂಬರ್, ಡಿಸೆಂಬರ್ ಕಾಲಂ ತುಂಬಿ ತುಳುಕಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಳೆ ಹೆಚ್ಚುಕಡಿಮೆ ಖಾಲಿ. ಮಳೆಗಾಲದಲ್ಲಿ ಪಲ್ಪರ್ ಯಾರಿಗೆ ನೆನಪಾಗುತ್ತೆ, ಅಲ್ವಾ? ಆದರೆ ರಿಪೇರಿ ವಿವರ ಓದುತ್ತಾ ಹೋದರೆ ಮತ್ತೆ ಮತ್ತೆ ಅವೇ ಹೆಸರು: ಬೇರಿಂಗ್, ಬೆಲ್ಟ್, ತಾಮ್ರದ ಹಾಳೆ. ಎಲ್ಲವೂ ಆಗಸ್ಟ್‌ನಲ್ಲೇ ಬಿಚ್ಚಿ ನೋಡಬಹುದಾದ ಸವಕಳಿ.

ಆ ವರ್ಷ ಗುರಿಯನ್ನು ರೂಪಾಯಿಯಲ್ಲಿ ಬರೆಯಲಿಲ್ಲ. "ಆಯುಧ ಪೂಜೆಗೆ ಮೊದಲು ಹಳೇ ಗಿರಾಕಿಗಳಲ್ಲಿ ಅರ್ಧ ಜನರ ಪಲ್ಪರ್ ಬಿಚ್ಚಿ ನೋಡಿರಬೇಕು" ಎಂದು ಬರೆದೆವು. ಹೇಗೂ ಪೂಜೆಗೆ ಮೆಷಿನ್ ತೊಳೆದು ಒರೆಸುತ್ತಾರೆ. ಆ ದಿನ ಎಲ್ಲರ ತಲೆಯಲ್ಲೂ ಇರುತ್ತದೆ.

ಆಗಸ್ಟ್‌ನಲ್ಲಿ ಅವರೇ ಒಂದೊಂದು ತೋಟಕ್ಕೆ ಫೋನ್ ಮಾಡಿದರು. ಕೊಯ್ಲು ಯಾವಾಗ, ಹೋದ ವರ್ಷ ಏನು ತೊಂದರೆಯಾಗಿತ್ತು ಎಂದು ಕೇಳುವುದು ಸುಲಭ. ನಾನು ಒತ್ತಿ ಹೇಳಿ ಸೇರಿಸಿದ್ದು ಮೂರನೆಯದು: ಖರ್ಚಿಗೆ ಒಪ್ಪಿಗೆ ಕೊಡೋರು ಯಾರು? ಫೋನ್ ಮಾಡೋದು ತೋಟದ ಲೆಕ್ಕ ನೋಡುವ ರೈಟರ್, ಒಪ್ಪಬೇಕಾದ ಮಾಲೀಕರು ಬೆಂಗಳೂರಿನಲ್ಲಿ. ಅವರು ಫೋನ್ ಎತ್ತುವವರೆಗೆ ಬಿಚ್ಚಿದ ಮೆಷಿನ್ ಹಾಗೇ ಬಿದ್ದಿರುತ್ತದೆ, ಮೆಕ್ಯಾನಿಕ್ ಕೈಕಟ್ಟಿ ಕೂರಬೇಕು. "ಇಷ್ಟು ಮೊತ್ತದವರೆಗೆ ಕೇಳದೆ ಮಾಡಿ" ಎಂದು ಮೊದಲೇ ವಾಟ್ಸಾಪ್‌ನಲ್ಲಿ ಒಂದು ಸಾಲು ಬರೆಸಿಕೊಂಡರೆ ಅರ್ಧ ದಿನ ಉಳಿಯುತ್ತದೆ. ಮೊದಲ ವರ್ಷ ಅರ್ಧ ಜನ ಬರಲಿಲ್ಲ, ಮೂರರಲ್ಲೊಂದು ಭಾಗ ಬಂದರು. ಅಷ್ಟಕ್ಕೇ ನವೆಂಬರ್‌ನಲ್ಲಿ ಉಸಿರಾಡಲು ಜಾಗ ಸಿಕ್ಕಿತು.

ಇನ್ನು ಹಣದ ಮಾತು. "ಕಾಫಿ ಮಾರಿದ ಮೇಲೆ ಕೊಡ್ತೀನಿ" ಅನ್ನೋದನ್ನು ನಮ್ಮ ಕಡೆ ಕೇಳದ ವ್ಯಾಪಾರಿ ಇಲ್ಲ. ಅದರಲ್ಲಿ ಮೋಸ ಇಲ್ಲ, ತೋಟದವರ ಕೈಗೆ ದುಡ್ಡು ಬರೋದೇ ಆಗ. ಆದರೆ ಬೆಲೆ ಏರಲಿ ಎಂದು ಮೂಟೆ ಹಾಗೇ ಇಟ್ಟುಕೊಂಡರೆ? ಇತ್ತ ಜಿಎಸ್‌ಟಿ ನೋಂದಣಿ ಇದ್ದವರು, ಹಣ ಬರಲಿ ಬಿಡಲಿ, ಬಿಲ್ ಹಾಕಿದ ತಿಂಗಳ ತೆರಿಗೆ ಕಟ್ಟಲೇಬೇಕು. ಬಿಡಿಭಾಗದ ದುಡ್ಡು ಕೈಯಿಂದ, ತೆರಿಗೆಯೂ ಕೈಯಿಂದ. ಅದಕ್ಕೆ ನಾನು ಹೇಳೋದು: ಬಿಡಿಭಾಗದ ದುಡ್ಡು ಮೊದಲೇ ತಗೊಳ್ಳಿ, ಕೂಲಿಗೆ ಬೇಕಾದರೆ ಕಾಯಿರಿ. ಕಾಯುವುದಕ್ಕೂ ಬಿಲ್‌ನಲ್ಲೇ ಒಂದು ತಾರೀಕು ಬರೆಯಿರಿ.

ರೆಸಾರ್ಟ್, ಕಂಪನಿಗಳಿಗೆ ಕೆಲಸ ಮಾಡುವವರು ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ. ಅದು ಉಚಿತ, ಏಜೆಂಟರಿಗೆ ದುಡ್ಡು ಕೊಡಬೇಕಿಲ್ಲ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣಕ್ಕೆ, ಬರಹದ ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಇನ್ನೊಂದು ಸೇರಿದೆ: ಗಡುವು ಮೀರಿ ಬಾಕಿ ಇಟ್ಟ ಕಂಪನಿ, ಆ ಹಣ ಕೊಡುವವರೆಗೆ ಅದನ್ನು ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚು ಎಂದು ಕಳೆಯುವಂತಿಲ್ಲ. ಇದು ತಯಾರಿಕೆ ಮತ್ತು ಸೇವೆಯವರಿಗೆ ಮಾತ್ರ, ಬರೀ ಕೊಂಡು ಮಾರುವವರಿಗೆ ಅಲ್ಲ. ಜಗಳ ಮಾಡಬೇಕಿಲ್ಲ. ಬಿಲ್ ಮೇಲೆ ಉದ್ಯಮ್ ನಂಬರ್ ಹಾಕಿದರೆ ಅವರ ಅಕೌಂಟೆಂಟೇ ಮಾರ್ಚ್‌ಗೆ ಮೊದಲು ಫೋನ್ ಮಾಡುತ್ತಾನೆ.

ಪಲ್ಪರ್‌ನವರು ಈಗ ಪಂಪ್‌ಸೆಟ್‌ಗೂ ಇದೇ ದಾರಿ ಹಿಡಿದಿದ್ದಾರೆ. ರೊಬಸ್ಟಾ ಕಾಫಿಯ ಹೂವಿಗೆ ಸ್ಪ್ರಿಂಕ್ಲರ್ ತಿರುಗಬೇಕಾದದ್ದು ಫೆಬ್ರವರಿ, ಮಾರ್ಚ್‌ನಲ್ಲಿ. ಡಿಸೆಂಬರ್‌ನಲ್ಲಿ ಪಲ್ಪರ್ ಬಿಲ್ ಕೊಡಲು ಹೋದಾಗಲೇ ಪಂಪ್ ಮನೆ ಬಾಗಿಲು ತೆಗೆಸಿ ನೋಡಿ ಬರುತ್ತಾರೆ.