ಬಿಳಿ ನಾಲ್ಕರ ಬೆಳದಿಂಗಳು

ಅಮೆರಿಕದ ಬ್ಯಾಂಡ್ ನಾಯಕ ಗ್ಲೆನ್ ಮಿಲ್ಲರ್ ತಂಡದ ‘ಮೂನ್‌ಲೈಟ್ ಸೆರೆನೇಡ್’ ಧ್ವನಿಮುದ್ರಣವಾದದ್ದು 1939ರ ಏಪ್ರಿಲ್ 4ರಂದು. ಅದರಲ್ಲಿ ಹಾಡುವ ದನಿಯಿಲ್ಲ. ತುತ್ತೂರಿ, ಸ್ಯಾಕ್ಸೊಫೋನ್‌ಗಳ ದೊಡ್ಡ ದಂಡೇ ಸೇರಿ ನುಡಿಸುತ್ತಿದೆ, ಆದರೂ ಯಾರೋ ಕಿವಿಯ ಬಳಿ ಪಿಸುಗುಟ್ಟಿದಂತಿರುತ್ತದೆ. ಶ್ರುತಿ ಎಫ್ ಮೇಜರ್, ಅಂದರೆ ಹಾರ್ಮೋನಿಯಂನ ಬಿಳಿ ನಾಲ್ಕು. ಮೇಜರ್ ಎಂದರೆ ಸಂತೋಷ ಎಂದು ಪಾಠ ಹೇಳುವವರಿದ್ದಾರೆ. ಹಾಗಾದರೆ ಈ ನವಿರಾದ ವಿಷಾದ ಎಲ್ಲಿಂದ ಬಂತು?

ಶ್ರುತಿಯಿಂದಲಂತೂ ಅಲ್ಲ. ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದ ಮೇಲೆ ಸ್ವರಗಳ ನಡುವಿನ ಅನುಪಾತ ಯಾವ ಶ್ರುತಿಯಲ್ಲೂ ಬದಲಾಗುವುದಿಲ್ಲ. ಇದನ್ನು ನಮ್ಮ ಶ್ರೋತೃಗಳಿಗೆ ಬಿಡಿಸಿ ಹೇಳಬೇಕಿಲ್ಲ. ಮೇಜರ್‌ನ ಸ್ವರಗಳೇ ಇರುವ ನಮ್ಮ ಶಂಕರಾಭರಣವನ್ನು ಗಾಯಕ ತನ್ನ ಶ್ರುತಿಯಲ್ಲಿ ಹಾಡಲಿ, ಗಾಯಕಿ ತನ್ನದರಲ್ಲಿ ಹಾಡಲಿ, ಅದು ಶಂಕರಾಭರಣವೇ. ಎಫ್‌ನಂಥ ಶ್ರುತಿಗಳನ್ನು ಬ್ಯಾಂಡಿನವರು ಇಷ್ಟಪಡುವುದು ಬೆರಳಿನ ಅನುಕೂಲಕ್ಕೆ. ಕ್ಲಾರಿನೆಟ್, ಟ್ರಂಪೆಟ್, ಟೆನರ್ ಸ್ಯಾಕ್ಸೊಫೋನ್‌ಗಳಿಗೆ ಎಫ್ ಎಂದರೆ ಹಾಳೆಯ ಮೇಲೆ ಒಂದೇ ಶಾರ್ಪ್ (ಸ್ವರವನ್ನು ಅರ್ಧ ಏರಿಸುವ ಗುರುತು); ಆಲ್ಟೊ ಸ್ಯಾಕ್ಸೊಫೋನಿಗೆ ಎರಡು. ಅರ್ಧ ಸ್ವರ ಕೆಳಗಿಳಿದು ಇ ಮೇಜರ್ ಎಂದರೆ ಅವು ಆರು, ಏಳಾಗುತ್ತವೆ!

ಲಯ ನಿಮಿಷಕ್ಕೆ ಸುಮಾರು 77 ಬಡಿತ. ವಿಶ್ರಾಂತಿಯಲ್ಲಿರುವ ಎದೆಬಡಿತವೂ ಅದರ ಆಸುಪಾಸಿನದೇ. ಆದರೆ ಹೃದಯ ಹಾಡಿಗೆ ತಾಳ ಹಾಕುತ್ತದೆ ಎಂಬ ಮಾತನ್ನು ನಾನು ಕವಿಗಳಿಗೇ ಬಿಡುತ್ತೇನೆ. ಈ ನಡೆಗೆ ಅಂಟಿದ ಇನ್ನೊಂದು ಲೆಕ್ಕವೇ ಸ್ವಾರಸ್ಯಕರ. ಆ ಕಾಲದ ಜನಪ್ರಿಯ ಹಾಡುಗಳ ಒಂದು ಸುತ್ತು, ಅಂದರೆ ರಾಗ ಒಮ್ಮೆ ಮೊದಲಿಂದ ಕೊನೆಯವರೆಗೆ, ಸಾಮಾನ್ಯವಾಗಿ 32 ಆವರ್ತಗಳದು. ಇದರದು 44. ಆವರ್ತಕ್ಕೆ ನಾಲ್ಕು ಬಡಿತದಂತೆ ಒಂದು ಸುತ್ತಿಗೇ ಎರಡೂಕಾಲು ನಿಮಿಷ ಬೇಕು. ಹತ್ತಿಂಚಿನ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುವುದು ಮೂರು ನಿಮಿಷ, ಇನ್ನೊಂದಿಷ್ಟು ಸೆಕೆಂಡು. ಎರಡನೆಯ ಸುತ್ತು ಪೂರ್ತಿಯಾಗುವಷ್ಟು ಜಾಗವೇ ಇಲ್ಲ.

ಬೇಸರದ ಎಳೆ ಇರುವುದು ಸ್ವರಮೇಳಗಳ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪುಗಳ (ಕಾರ್ಡ್) ಒಳಗೆ. ಎಫ್ ಅನ್ನು ಷಡ್ಜವೆಂದು ಹಿಡಿಯಿರಿ. ಮೊದಲ ಮೇಳದಲ್ಲಿರುವುದು ಷಡ್ಜ, ಅಂತರ ಗಾಂಧಾರ, ಪಂಚಮ, ಚತುಶ್ರುತಿ ಧೈವತ. ಎರಡನೆಯದಕ್ಕೆ ಹೋಗುವಾಗ ಷಡ್ಜ, ಧೈವತ ಇದ್ದಲ್ಲೇ ಇರುತ್ತವೆ. ಗಾಂಧಾರ ಅರ್ಧ ಸ್ವರ ಜಾರಿ ಸಾಧಾರಣವಾಗುತ್ತದೆ, ಪಂಚಮ ಪ್ರತಿಮಧ್ಯಮಕ್ಕೆ ಇಳಿಯುತ್ತದೆ. ಮೂರನೆಯದರಲ್ಲಿ ಅವೆರಡೂ ಮತ್ತೆ ಅರ್ಧರ್ಧ ಜಾರಿ ಚತುಶ್ರುತಿ ರಿಷಭಕ್ಕೂ ಶುದ್ಧ ಮಧ್ಯಮಕ್ಕೂ ಬಂದು ನಿಲ್ಲುತ್ತವೆ. ನಡುವಿನ ಮೇಳ ವಿಚಿತ್ರದ್ದು: ಅದರ ನಾಲ್ಕು ಸ್ವರಗಳು ಸ್ಥಾಯಿಯನ್ನು ನಾಲ್ಕು ಸಮಭಾಗ ಮಾಡುತ್ತವೆ, ಆದ್ದರಿಂದ ಅದಕ್ಕೆ ತನ್ನದೆನ್ನುವ ಮನೆಯಿಲ್ಲ. ಹಾರ್ಮೋನಿಯಂ ಇದ್ದವರು ಷಡ್ಜ, ಧೈವತಗಳ ಕೀಲಿಗಳನ್ನು ಒತ್ತಿ ಹಿಡಿದು ಉಳಿದೆರಡು ಬೆರಳುಗಳನ್ನು ನಿಧಾನವಾಗಿ ಜಾರಿಸಿ ನೋಡಿ. ಶಂಕರಾಭರಣದ ಅಂಗಳದಲ್ಲೇ ನಿಂತು ಒಂದು ಕ್ಷಣ ದಾರಿ ತಪ್ಪಿದಂತಾಗುತ್ತದೆ. ಲಯ ವಿಳಂಬವಾಗಿರುವುದರಿಂದ ಆ ಜಾರುವಿಕೆ ಕಿವಿಗೆ ಪೂರ್ತಿ ಸಿಗುತ್ತದೆ. ಇದೇ ಸ್ವರಗಳನ್ನು ದುಪ್ಪಟ್ಟು ವೇಗದಲ್ಲಿ ನುಡಿಸಿದರೆ ಅದು ಬರೀ ಅಲಂಕಾರವಾಗಿ ಹಾದುಹೋಗುತ್ತದೆ. ಗಣಿತದಿಂದ ಸಂಗೀತ ಕಟ್ಟಲು ಹೊರಟಿದ್ದ ಜೋಸೆಫ್ ಷಿಲಿಂಗರ್ ಬಳಿ ಮಿಲ್ಲರ್ ಕಲಿಯುತ್ತಿದ್ದಾಗ ಹುಟ್ಟಿದ ರಾಗವಿದು ಎಂಬುದು ನೆನಪಾದರೆ ಇಷ್ಟು ಅಚ್ಚುಕಟ್ಟಾದ ಜಾರುವಿಕೆ ಅಚ್ಚರಿಯೆನಿಸುವುದಿಲ್ಲ.

ಇನ್ನು ನಾದ. ಮುಖ್ಯ ರಾಗವನ್ನು ಕ್ಲಾರಿನೆಟ್ ನುಡಿಸುತ್ತದೆ, ಅದನ್ನೇ ಟೆನರ್ ಸ್ಯಾಕ್ಸೊಫೋನ್ ಒಂದು ಸ್ಥಾಯಿ ಕೆಳಗೆ ನುಡಿಸುತ್ತದೆ, ಉಳಿದ ಮೂರು ಸ್ಯಾಕ್ಸೊಫೋನ್‌ಗಳು ನಡುವಿನ ಜಾಗ ತುಂಬುತ್ತವೆ. ಟೆನರಿನ ಸ್ವರ 220 ಹರ್ಟ್ಸ್, ಅಂದರೆ ಸೆಕೆಂಡಿಗೆ 220 ಕಂಪನ ಎನ್ನೋಣ. ಮೂಲ ಸ್ವರದ ಜೊತೆಗೇ ಮೂಡುವ ಅದರ ಉಪಸ್ವರಗಳು 440, 660, 880 ಹೀಗೆ ಏರುತ್ತವೆ. ಮೇಲಿನ ಕ್ಲಾರಿನೆಟ್‌ನ ಮೂಲ ಸ್ವರ 440, ಉಪಸ್ವರಗಳು 880, 1320. ಹೊಸದೊಂದು ಕಂಪನವೂ ಇಲ್ಲ. ಎಲ್ಲವೂ ಟೆನರಿನ ಮೆಟ್ಟಿಲುಗಳ ಮೇಲೆಯೇ ಬಂದು ಕೂರುತ್ತವೆ. ಎರಡು ವಾದ್ಯಗಳಿವೆ ಎಂಬ ಸುಳಿವು ಕಿವಿಗೆ ಸುಲಭವಾಗಿ ಸಿಗದೆ ಅದು ಎರಡನ್ನೂ ಒಂದೇ ದನಿಯಾಗಿ ಹೆಣೆದುಬಿಡುತ್ತದೆ. ಹಿತ್ತಾಳೆ ವಾದ್ಯಗಳನ್ನು ಜೋರಾಗಿ ಊದಿದಷ್ಟೂ ಮೇಲಿನ ಉಪಸ್ವರಗಳು ಹೆಚ್ಚಿ ದನಿ ಚುರುಕಾಗುತ್ತದೆ, ಮೆಲ್ಲಗೆ ಊದಿದರೆ ಆ ಚುರುಕೇ ಹೋಗುತ್ತದೆ. ಇಲ್ಲಿ ಅವು ಹಿಂದೆ ಸರಿದು ಮೆಲ್ಲಗೇ ನುಡಿಯುತ್ತವೆ.

ಮೊದಲ ಸಲ ಕೇಳಿದಾಗ ಆ ಮುಂದಾಳು ದನಿಯನ್ನು ನಾನು ಯಾವುದೋ ಹೆಸರರಿಯದ ಒಂದೇ ವಾದ್ಯವೆಂದು ತಿಳಿದಿದ್ದೆ. ಐದು ಜನ ಒಟ್ಟಿಗೆ ಉಸಿರು ಬಿಡುತ್ತಿದ್ದಾರೆಂದು ಗೊತ್ತಾದ ಮೇಲೂ ಹೆಚ್ಚು ಹೊತ್ತು ಅವರನ್ನು ಬೇರೆ ಬೇರೆಯಾಗಿ ಕೇಳಲು ನನಗೆ ಆಗುವುದಿಲ್ಲ.