ಹಕ್ಕಿ ಎಲ್ಲಿಗೂ ಹೋಗಲ್ಲ, ನೀವು ಸ್ವಲ್ಪ ಕೂತ್ಕೊಳ್ಳಿ

ದೀಪಾವಳಿ ಕಳೆದು ವಾರವಾಗುವಷ್ಟರಲ್ಲಿ ನನ್ನ ಸ್ಟುಡಿಯೋಗೆ ಎರಡು ಥರದ ಫೋನು ಬರುತ್ತವೆ. ಒಂದು ಮದುವೆಯವರದ್ದು. ತುಳಸಿ ಹಬ್ಬ ಆದ ಮೇಲೆ ಲಗ್ನ ಜಾಸ್ತಿ ಅಲ್ವಾ. ಇನ್ನೊಂದು ಹಕ್ಕಿಯವರದ್ದು. "ಸಾರ್, ದೊಡ್ಡ ಲೆನ್ಸೇ ತಗೊಂಡೆ. ಆದ್ರೂ ಹಕ್ಕಿ ಶಾರ್ಪಾಗಿ ಬರ್ತಿಲ್ಲ. ಲೆನ್ಸಲ್ಲೇ ಪ್ರಾಬ್ಲಮ್ಮಾ?" ಹಿಂದೆಯೇ ವಾಟ್ಸಾಪಿನಲ್ಲಿ ಫೋಟೋ. ತೆಗೆದು ನೋಡಿದರೆ ಖಾಲಿ ಕೊಂಬೆ. ಇಲ್ಲವೇ ಹಾರಿಹೋಗುತ್ತಿರುವ ಹಕ್ಕಿಯ ಪುಕ್ಕ.

ಲೆನ್ಸ್ ಚೆನ್ನಾಗೇ ಇರುತ್ತದೆ ಸ್ವಾಮಿ. ತೊಂದರೆ ಇರುವುದು ಕಾಲಿನಲ್ಲಿ.

ಹೋದ ವರ್ಷ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ನಾನು ನಡೆಸುವ ಭಾನುವಾರದ ಹಕ್ಕಿ ನಡಿಗೆಗೆ ಬಂದಿದ್ದರು. ತುಂಬಾ ಒಳ್ಳೆಯ ಮನುಷ್ಯ, ಎಲ್ಲರಿಗೂ ಮನೆಯಿಂದ ಕೋಡುಬಳೆ ತಂದಿದ್ದರು. ನಮ್ಮ ಶಿವಮೊಗ್ಗದ ವಿನೋಬನಗರದ ಕಡೆಯ ಒಂದು ಚಿಕ್ಕ ಪಾರ್ಕು. ಅಲ್ಲಿ ಕಂದು ನೊಣಹಿಡುಕ ಎಂಬ ಪುಟ್ಟ ಹಕ್ಕಿ ಒಂದಿತ್ತು. ಅವರು ಕಂಡ ತಕ್ಷಣ ಅದರತ್ತ ನೆಟ್ಟಗೆ ಹೊರಟರು. ಅದು ಆಚೆ ಮರಕ್ಕೆ ಹೋಯಿತು. ಇವರೂ ಆಚೆ ಮರಕ್ಕೆ. ಅದು ಮತ್ತೆ ಈಚೆಗೆ. ಒಂದು ಗಂಟೆ ಹೀಗೇ ನಡೆಯಿತು. ಕೊನೆಗೆ ನಾನೂರು ಫ್ರೇಮ್ ಆಗಿತ್ತು, ಒಂದರಲ್ಲೂ ಕಣ್ಣು ಕಾಣಿಸುತ್ತಿರಲಿಲ್ಲ.

ಅದೇ ಒಂದು ಗಂಟೆ ಪಾರ್ಕಿನಲ್ಲಿ ವಾಕಿಂಗ್ ಮಾಡುವವರು ಸುತ್ತು ಹೊಡೆಯುತ್ತಲೇ ಇದ್ದರು. ಜೋರು ಮಾತು, ನಗು, ಮೊಬೈಲಿನಲ್ಲಿ ಭಜನೆ. ಮಡಿವಾಳ ಹಕ್ಕಿ ಅವರ ಕಾಲಿನಿಂದ ಹತ್ತಡಿ ದೂರದಲ್ಲಿ ಹುಳ ಹೆಕ್ಕುತ್ತಿತ್ತು. ಯಾಕೆ ಹೆದರಲಿಲ್ಲ? ಅವರು ತನ್ನ ಕಡೆ ಬರುತ್ತಿಲ್ಲ, ತನ್ನನ್ನು ನೋಡುತ್ತಲೂ ಇಲ್ಲ ಎಂದು ಅದಕ್ಕೆ ಗೊತ್ತು. ಸಪ್ಪಳಕ್ಕಿಂತ ಹಕ್ಕಿ ಹೆದರುವುದು ತನ್ನನ್ನೇ ದಿಟ್ಟಿಸುತ್ತ ತನ್ನತ್ತಲೇ ಬರುವವನಿಗೆ. ಬೆಕ್ಕು ಬರುವುದೂ ಹಾಗೇ. ನೀವು ದೊಡ್ಡ ಗಾಜಿನ ಕಣ್ಣು ಎತ್ತಿಕೊಂಡು ಹೆಜ್ಜೆ ಕದ್ದು ಹೋದರೆ ಬೆಕ್ಕಿಗಿಂತ ಕಡೆ.

ಇನ್ನು ನಾನು ವರ್ಷವಿಡೀ ಹೇಳಿ ಸೋತಿರುವ ಮಾತು. ನೊಣಹಿಡುಕ, ಕಳ್ಳಿಪೀರ, ಕಾಜಾಣ, ಕೀಚುಗ, ಇವೆಲ್ಲ ಒಂದು ಕೊಂಬೆಯ ಮೇಲೆ ಕೂತು ಕಾಯುವ ಹಕ್ಕಿಗಳು. ಹುಳ ಕಂಡರೆ ಹಾರಿ ಹಿಡಿದು ಬರುತ್ತವೆ. ಬರುವುದು ಹೆಚ್ಚಾಗಿ ಅದೇ ಕೊಂಬೆಗೆ, ತಪ್ಪಿದರೆ ಪಕ್ಕದ್ದಕ್ಕೆ. ಹಕ್ಕಿ ಹಾರಿದ ಕೂಡಲೇ ನೀವು ಎದ್ದು ಹೊರಟರೆ, ಅದು ವಾಪಸ್ ಬರುವ ಜಾಗದಲ್ಲಿ ನೀವೇ ನಿಂತಿರುತ್ತೀರಿ. ಹಾರಿದಾಗ ಅಲ್ಲಾಡಬೇಡಿ. ಖಾಲಿ ಕೊಂಬೆಗೆ ಫೋಕಸ್ ಮಾಡಿಟ್ಟು ಸುಮ್ನೆ ಕೂತಿರಿ.

ಆವತ್ತು ಕಡೆಗೆ ಆ ಬ್ಯಾಂಕಿನವರನ್ನು ಕೈಹಿಡಿದು ಬೆಂಚಿನ ಮೇಲೆ ಕೂರಿಸಿದೆ. ಹತ್ತು ನಿಮಿಷ ಏನೂ ಇಲ್ಲ. ಅವರು ಗಡಿಯಾರ ನೋಡಿಕೊಂಡರು. ಆಮೇಲೆ ಹಕ್ಕಿ ಬಂತು, ನಮ್ಮಿಂದ ಹದಿನೈದಡಿಯ ಒಣ ಕಡ್ಡಿಯ ಮೇಲೆ. ಗುಬ್ಬಿಗಿಂತ ಚಿಕ್ಕದು, ಬೂದುಗಂದು ಬಣ್ಣ, ಮೈಗೆ ಹೋಲಿಸಿದರೆ ಕಣ್ಣೇ ದೊಡ್ಡದು. ಕಣ್ಣಿನ ಸುತ್ತ ಸುಣ್ಣದಲ್ಲಿ ಗೆರೆ ಎಳೆದಂತೆ ಬಿಳಿ ಬಳೆ. ತಲೆ ಒಂದು ಸಲ ಆಚೆ, ಒಂದು ಸಲ ಈಚೆ. ಛಕ್ಕನೆ ಹಾರಿತು, ಕೊಕ್ಕು ಟಪ್ ಎಂದದ್ದು ನಮಗೆ ಕೇಳಿಸಿತು, ಮತ್ತೆ ಅದೇ ಕಡ್ಡಿಗೆ ಬಂದು ಕೂತು ಬಾಲ ಅಲುಗಿಸಿತು. ಅವರು ಕ್ಯಾಮೆರಾ ಎತ್ತುವುದನ್ನೇ ಮರೆತಿದ್ದರು.

ಹತ್ತಿರ ಹೋಗದೆ ಹಕ್ಕಿ ದೊಡ್ಡದಾಗಿ ಹೇಗೆ ಬರುತ್ತದೆ ಎಂದು ಕೇಳುತ್ತಾರೆ. ಕೇಳುವುದು ಸರಿಯೇ. ದೂರ ಅರ್ಧಕ್ಕೆ ಇಳಿದರೆ ಚಿತ್ರದಲ್ಲಿ ಹಕ್ಕಿ ನಾಲ್ಕು ಪಟ್ಟು ಜಾಗ ತುಂಬುತ್ತದೆ. ನಮ್ಮ ಕಡೆ ಬೆಳಗಿನ ಮಂಜು ಬೇರೆ. ದೂರದ ಹಕ್ಕಿಗೂ ನಿಮಗೂ ನಡುವೆ ಬರೀ ಹಾಲು. ಎಷ್ಟು ಬೆಲೆಯ ಲೆನ್ಸೂ ಅದನ್ನು ಸೀಳಲಾರದು. ಹಾಗಾಗಿ ದೂರ ಕಮ್ಮಿ ಆಗಲೇಬೇಕು. ಆದರೆ ಕಮ್ಮಿ ಮಾಡುವ ಕೆಲಸ ಹಕ್ಕಿಗೆ ಬಿಡಿ. ಕೂತರೆ ಇನ್ನೊಂದು ಲಾಭ, ಮೊಣಕೈ ಮಂಡಿಗೆ ಊರುತ್ತದೆ. ಕ್ಯಾಮೆರಾ ಅಲ್ಲಾಡದಿದ್ದರೆ, ಕೂತ ಹಕ್ಕಿಗೆ ಶಟರ್ ವೇಗ 1/250 ಸೆಕೆಂಡಿಗೆ ಇಳಿಸಿದರೂ ನಡೆದೀತು. ಹಾರುವ ಹಕ್ಕಿಗೆ ಮಾತ್ರ ಇದು ಸಾಲದು.

ಎಲ್ಲ ಹಕ್ಕಿಗೂ ಈ ಉಪಾಯ ನಡೆಯುತ್ತದೆ ಎನ್ನಲಾರೆ. ಎಲೆ ಮರೆಯಲ್ಲಿ ಹುಳ ಹುಡುಕುವ ಉಲಿಯಕ್ಕಿ ಒಂದೆಡೆ ನಿಲ್ಲುವುದೇ ಇಲ್ಲ. ಕಾಡಂಚಿನಲ್ಲಿ ಹತ್ತಾರು ಜಾತಿಯ ಹಕ್ಕಿಗಳು ಗುಂಪು ಕಟ್ಟಿಕೊಂಡು ಸಾಗುತ್ತವೆ. ಆಗ ಗುಂಪು ಯಾವ ದಿಕ್ಕಿಗೆ ಹೊರಟಿದೆ ನೋಡಿ, ಬಳಸಿಕೊಂಡು ಮುಂದೆ ಹೋಗಿ ನಿಲ್ಲಬೇಕು.

ನಾನೇನು ಹುಟ್ಟುವಾಗಲೇ ಇದನ್ನು ಕಲಿತು ಬಂದವನಲ್ಲ. ಮದುವೆ ಫೋಟೋದವನು ನಾನು. ಧಾರೆ ಹೊತ್ತಿಗೆ ಹತ್ತು ಜನರನ್ನು ತಳ್ಳಿ ಮುಂದೆ ನುಗ್ಗುವುದೇ ನಮ್ಮ ವಿದ್ಯೆ. ಶುರುವಿನ ವರ್ಷ ಒಂದು ನವರಂಗ ಹಕ್ಕಿಯನ್ನು ಬಿದಿರು ಮೆಳೆಯೊಳಗೆ ಅಟ್ಟಾಡಿಸಿದೆ. ಸಾಲದೆಂದು ಮೊಬೈಲಿನಲ್ಲಿ ಅದರ ಕೂಗನ್ನೂ ಹಾಕಿದೆ. ಪಾಪ, ಅದು ತನ್ನ ಜಾಗಕ್ಕೆ ಇನ್ನೊಂದು ನವರಂಗ ಬಂತೆಂದು ಮೇವು ಬಿಟ್ಟು ಒದ್ದಾಡಿತು. ಉತ್ತರದಿಂದ, ಹಿಮಾಲಯದ ತಪ್ಪಲು, ಮಧ್ಯಭಾರತದ ಕಡೆಯಿಂದ ರಾತ್ರಿಯೆಲ್ಲ ಹಾರಿ ಬಂದ ಜೀವ. ಆ ಫೋಟೋ ಈಗಲೂ ಇದೆ, ಯಾರಿಗೂ ತೋರಿಸುವುದಿಲ್ಲ. ಕೂಗು ಹಾಕಿ ಕರೆಯುವವರನ್ನು ಈಗ ನನ್ನ ನಡಿಗೆಗೆ ಸೇರಿಸಿಕೊಳ್ಳುವುದಿಲ್ಲ.

ಅವಸರ ಯಾಕೆ ಎಂದೇ ನನಗೆ ತಿಳಿಯುವುದಿಲ್ಲ. ಚಳಿಗಾಲಕ್ಕೆ ಬಂದ ಈ ಹಕ್ಕಿಗಳು ಮೇವು ಸಿಕ್ಕುವ ಒಂದು ಜಾಗ ಹಿಡಿದರೆ ಸಾಮಾನ್ಯವಾಗಿ ಮಾರ್ಚ್ ತನಕ ಅಲ್ಲೇ. ಈ ಭಾನುವಾರ ಸಿಗದಿದ್ದರೆ ಬರುವ ಭಾನುವಾರ, ಅದೇ ಪಾರ್ಕು, ಅದೇ ಮರ. ಮಂಡಗದ್ದೆ ಪಕ್ಷಿಧಾಮದ ಕಥೆ ಬೇರೆ. ಅಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ. ಕಾರ್ತಿಕದಲ್ಲಿ ತೀರ್ಥಹಳ್ಳಿ ರಸ್ತೆಯಲ್ಲಿ ಮೂವತ್ತು ಕಿಲೋಮೀಟರ್ ಹೋಗಿ, ಏನೂ ಇಲ್ಲವೆಂದು ನನಗೆ ಬೈಯಬೇಡಿ.

ನವೆಂಬರ್ 12 ಪಕ್ಷಿತಜ್ಞ ಸಲೀಂ ಅಲಿ ಹುಟ್ಟಿದ ದಿನ. ಅದರ ಆಸುಪಾಸಿನ ಭಾನುವಾರ ಹೊಸಬರು ಜಾಸ್ತಿ ಬರುತ್ತಾರೆ. ಬನ್ನಿ. ಬೆಳಿಗ್ಗೆ ಆರೂವರೆಗೆ ಪಾರ್ಕಿನ ಗೇಟಿನ ಹತ್ತಿರ ಇರುತ್ತೇನೆ. ಒಂಬತ್ತಕ್ಕೆ ಬೆಳಕು ಗಡುಸಾಗುತ್ತದೆ, ಆಮೇಲೆ ಬಂದವರಿಗೆ ಕಾಫಿ ಮಾತ್ರ. ಕ್ಯಾಮೆರಾ ಇಲ್ಲದಿದ್ದರೂ ನಡೆಯುತ್ತದೆ. ಇಬ್ಬನಿಗೆ ಬೆಂಚೆಲ್ಲ ಒದ್ದೆಯಾಗಿರುತ್ತದೆ, ಕೂರುವುದಕ್ಕೆ ಹಳೇ ಪೇಪರ್ ಒಂದು ತನ್ನಿ.